ಹೊಸಬಳ ಹೆಸರು

ಉಕ್ಕಿ ಒಲೆಯ ಮೇಲೆ ಚೆಲ್ಲಿ ಸುಟ್ಟ ಹಾಲಿನ ವಾಸನೆ ಮೊದಲು ಸಿಹಿಯಾಗಿ ಮೂಗಿಗೆ ಬರುತ್ತದೆ, ಆಮೇಲೆ ಕಹಿಯಾಗಿ ಗಂಟಲಿನಲ್ಲಿ ಕೂರುತ್ತದೆ. ಮೊನ್ನೆ ಪುತ್ತೂರಿನ ಮಗನ ಮನೆಯಲ್ಲಿ ಕಾಲು ಚಾಚಿ ಕುಳಿತು, ಕಾಲುಗಳ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಮಗನಿಗೆ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ಅದರ ಹಿಮ್ಮಡಿ ನನ್ನ ಹೆಬ್ಬೆರಳಿನಷ್ಟು ಇಲ್ಲ, ಒದೆಯುವುದು ಮಾತ್ರ ಹಟ್ಟಿಯಲ್ಲಿ ಕಟ್ಟಿದ ಕರುವಿನ ಹಾಗೆ. ಅವಳು ಬಂದ ಮೇಲೆ ನನ್ನ ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೀನು ತರುವವನಿಗೆ, ಕರೆಂಟಿನ ಬಿಲ್ಲು ಕೊಡುವವನಿಗೆ, ಎದುರು ಮನೆಯ ಬಾಡಿಗೆಯವರಿಗೆ, ಕೇಳಿದವರಿಗೂ ಕೇಳದವರಿಗೂ ‘ನನಗೆ ಪುಳ್ಳಿ ಆಗಿದ್ದಾಳೆ’ ಎಂದು ಹೇಳಿಯೇ ಕಳಿಸಿದ್ದೇನೆ. ಹಾಗೆ ಸಂತೋಷದಲ್ಲಿ ಮುಳುಗಿ ಕುಳಿತಿರುವಾಗ ಅಡಿಗೆ ಕೋಣೆಯಿಂದ ಸೊಸೆ ದೀಪ್ತಿ ಕೂಗಿದಳು: “ಅಯ್ಯೋ ಅತ್ತೆ, ಹಾಲು ಉಕ್ಕಿತು ಮಾರಾಯ್ರೆ!” ಎಷ್ಟು ಸುಲಭದಲ್ಲಿ ಕೂಗಿದಳು! ನನ್ನ ಎಣ್ಣೆಕೈ ಕೂಸಿನ ಎದೆಯ ಮೇಲೆ ಹಾಗೆಯೇ ನಿಂತಿತು. ಆ ಒಂದು ಮಾತನ್ನು ಬಾಯಿಬಿಟ್ಟು ಹೇಳಲಾಗದೆ ಬದುಕು ಮುಗಿಸಿದ ಹೆಂಗಸೊಬ್ಬಳು ನನ್ನ ಕಣ್ಣೆದುರು ಬಂದು ನಿಂತಳು. ಅವಳು ನನ್ನ ಅವ್ವ.

ನಾನು ಹುಟ್ಟಿದ್ದು ಕೊಯಿಲದಲ್ಲಿ. ಮುಳಿಹುಲ್ಲಿನ ಮಾಡಿನ ಮನೆ, ಮನೆಗಿಂತ ದೊಡ್ಡ ಹಟ್ಟಿ, ಹಟ್ಟಿಯ ತುಂಬ ಎಮ್ಮೆ. ಈಗ ಅಲ್ಲಿ ಏನೂ ಇಲ್ಲ. ಜಾಗ ಕೊಂಡವರು ರಬ್ಬರ್ ನೆಟ್ಟಿದ್ದಾರೆ. ಒಲೆ ಇದ್ದದ್ದು ಎಲ್ಲಿ, ಅಂಗಳ ಇದ್ದದ್ದು ಎಲ್ಲಿ ಎಂದು ನನಗೂ ತೋರಿಸಲು ಬರುವುದಿಲ್ಲ. ಆ ಮನೆಯ ಯಜಮಾನಿ ನನ್ನ ಅಜ್ಜಿ, ಅಪ್ಪನ ತಾಯಿ. ಅವಳ ಹೆಸರು ಉಕ್ಕಮ್ಮ. ಅತ್ತೆಯ ಹೆಸರನ್ನು ಸೊಸೆ ಹೇಳಬಾರದು ಎಂಬುದು ಆಗಿನ ಎಲ್ಲ ಮನೆಗಳ ಕಟ್ಟಳೆ, ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅತ್ತೆ ಲಕ್ಷ್ಮಿಯೋ ಸೀತೆಯೋ ಆಗಿದ್ದರೆ ಕಷ್ಟವಿಲ್ಲ, ದಿನದ ಕೆಲಸಕ್ಕೆ ಆ ಮಾತು ಬೇಕಾಗುವುದಿಲ್ಲ. ಹಾಲು ಕಾಸುವ ಮನೆಯಲ್ಲಿ ಉಕ್ಕುವುದೆಂಬ ಮಾತಿಲ್ಲದೆ ಹೇಗೆ ದಿನ ಕಳೆಯುವುದು? ಅವ್ವ ಕಳೆದಳು. ಹಾಲು ಅವಳಿಗೆ ‘ಎದ್ದು ಬರುತ್ತಿತ್ತು’. ಗಂಜಿಯ ಪಾತ್ರೆ ‘ತಲೆ ಎತ್ತುತ್ತಿತ್ತು’. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಮಹಾ ಕೀಟಲೆಯವನು. ಅವ್ವ ಮದುವೆಯಾಗಿ ಬರುವಾಗ ಅವನಿನ್ನೂ ಹಾಲು ಕುಡಿಯುವ ಮಗು, ಅವಳ ಸೊಂಟದ ಮೇಲೆಯೇ ಬೆಳೆದವನು. ಆಟಿ ತಿಂಗಳ ಮಳೆಯಲ್ಲಿ ಹೊಳೆ ನೋಡಿ ಬಂದು ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ: “ಅತ್ತಿಗೆ, ಹೊಳೆ ಎಂತ ಮಾಡ್ತಾ ಉಂಟು ಹೇಳಿ ನೋಡುವ?”

“ಹೊಳೆಗೆ ಸಿಟ್ಟು ಬಂದುಂಟು. ನಿಮಗೆ ಬೆನ್ನಿಗೆ ಎರಡು ಬೇಕಾ?”

ಎಲ್ಲರೂ ನಗುತ್ತಿದ್ದರು, ಅವ್ವನೂ ನಗುತ್ತಿದ್ದಳು. ನಾನೂ ಅದನ್ನು ತಮಾಷೆ ಎಂದೇ ತಿಳಿದಿದ್ದೆ. ಯಾಕೆಂದರೆ ಅವ್ವನ ಹೆಸರು ಏನೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ‘ಹೊಸಬಳು’ ಎನ್ನುತ್ತಿದ್ದರು. ಹೊಸಬಳು ಹಟ್ಟಿಗೆ ಹೋದಳು, ಹೊಸಬಳ ಕೈಯಲ್ಲಿ ಕೊಡು, ಹೊಸಬಳಿಗೆ ಜ್ವರ. ನಾಲ್ಕು ಮಕ್ಕಳನ್ನು ಹೆತ್ತು, ಮುಂದಿನ ಕೂದಲು ಬೆಳ್ಳಗಾದ ಮೇಲೂ ಅವಳು ಹೊಸಬಳೇ. ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಒಂದು ದಿನ ಮಾಷ್ಟ್ರು ತಾಯಿಯ ಹೆಸರು ಕೇಳಿದಾಗ ಎದ್ದು ನಿಂತು ಗಟ್ಟಿಯಾಗಿ “ಹೊಸಬಳು” ಎಂದೆ. ಇಡೀ ಕ್ಲಾಸು ನಕ್ಕಿತು. “ಹಾಗಾದ್ರೆ ಹಳಬಳು ಯಾರು ಮಾರಾಯ್ತಿ? ಮನೆಗೆ ಹೋಗಿ ಸರಿಯಾಗಿ ಕೇಳಿಕೊಂಡು ಬಾ” ಎಂದರು ಮಾಷ್ಟ್ರು. ಸಂಜೆ ಬಂದು ಕೇಳಿದೆ. ಅವ್ವ ಕಡೆಯುವ ಕಲ್ಲಿನ ಎದುರು ಕುಳಿತಿದ್ದಳು. ಕಲ್ಲು ತಿರುಗಿಸುವುದನ್ನು ನಿಲ್ಲಿಸದೆ, “ನಿನ್ನ ಅಜ್ಜಿಯದ್ದು ಎಂತ ಹೆಸರೋ ಅದೇ ನನ್ನದು” ಎಂದಳು. “ಅದನ್ನೇ ಹೇಳು” ಎಂದೆ. “ಹೇಳುವ ಹಾಗಿದ್ದರೆ ಹೇಳ್ತಿರಲಿಲ್ವಾ? ನಿನ್ನ ಬಾಯಿಗೆ ಅಡ್ಡಿ ಇಲ್ಲ, ನೀನೇ ಹೋಗಿ ಹೇಳು.” ಅವಳು ಆಟ ಆಡಿಸುತ್ತಿದ್ದಾಳೆ ಎಂದು ನಾನು ಮುಖ ಊದಿಸಿ ಎದ್ದುಹೋದೆ.

ಅದು ಆಟವಲ್ಲ ಎಂದು ತಿಳಿದದ್ದು ಅವ್ವನ ಅಪ್ಪ ಇಚಿಲಂಪಾಡಿಯಿಂದ ಬಂದ ದಿನ. ಇಚಿಲಂಪಾಡಿ ಅಜ್ಜ ಎಂದರೆ ನನ್ನ ಅಜ್ಜಿಯ ಒಡಹುಟ್ಟಿದ ತಮ್ಮ. ತನ್ನ ಮಗಳನ್ನು ಅಕ್ಕನ ಮಗನಿಗೇ ಕೊಟ್ಟಿದ್ದ. ಉಕ್ಕಮ್ಮ ಎಂಬ ಹೆಸರಿನ ಹುಟ್ಟನ್ನು ನಾನು ಕೇಳಿದ್ದು ಅವನ ಬಾಯಿಂದಲೇ. ಅಜ್ಜಿ ಹುಟ್ಟಿದಾಗ ಮಗು ಅಳಲಿಲ್ಲವಂತೆ. ಸೂಲಗಿತ್ತಿ ತಲೆಕೆಳಗು ಮಾಡಿ ಬೆನ್ನು ತಟ್ಟಿದರೂ ಸದ್ದಿಲ್ಲ. ಎಲ್ಲರೂ ಆಸೆ ಬಿಟ್ಟು ಸುಮ್ಮನೆ ಕೂತಿರುವಾಗ ಯಾರೂ ನೋಡದ ಒಲೆಯ ಮೇಲೆ ಹಾಲು ಏರಿ ಏರಿ ಬಂದು, ಯಾರೋ “ಉಕ್ಕಿತು, ಉಕ್ಕಿತು!” ಎಂದು ಬೊಬ್ಬೆ ಹಾಕಿದರಂತೆ. ಆ ಬೊಬ್ಬೆಗೆ ಕೂಸು ಬೆಚ್ಚಿಬಿದ್ದು ಅತ್ತಿತಂತೆ. ಹಾಗೆ ಉಕ್ಕಮ್ಮ. ಕಡಬದಿಂದ ಸುಳ್ಯದವರೆಗೆ ಹುಡುಕಿದರೂ ಆ ಹೆಸರಿನವರು ಇನ್ನೊಬ್ಬರು ಇರಲಿಲ್ಲ. ತಾಯಿ ಬೇಗ ತೀರಿಹೋದದ್ದರಿಂದ ತಮ್ಮನನ್ನು ಸಾಕಿದ್ದು ಆ ಅಕ್ಕನೇ. ತನಗೆ ಮಗಳು ಹುಟ್ಟಿದಾಗ ಅವನು ಬೇರೆ ಯೋಚನೆ ಮಾಡದೆ ಅಕ್ಕನ ಹೆಸರನ್ನೇ ಇಟ್ಟ. ಅಕ್ಕ ತವರಿಗೆ ಬಂದಾಗಲೆಲ್ಲ ಅಂಗಳದಿಂದಲೇ “ಬಾ ನನ್ನ ಹೆಸರೇ” ಎಂದು ಕರೆದು ಸೊಸೆಯನ್ನು ಎತ್ತಿಕೊಳ್ಳುತ್ತಿದ್ದಳಂತೆ. ಎತ್ತಿಕೊಂಡದ್ದು ಸಾಲದೆ ಮನೆಗೇ ತಂದುಕೊಂಡಳು. ದಿಬ್ಬಣ ಬಂದು ಹೊಸಿಲು ದಾಟಿದ ದಿನವೇ ನನ್ನ ಅಪ್ಪನ ಅಪ್ಪ, ಮನೆಯ ಯಜಮಾನ, ಜಗಲಿಯಲ್ಲಿ ಕುಳಿತು ತೀರ್ಮಾನ ಹೇಳಿದನಂತೆ: “ಆ ಹೆಸರು ಈ ಮನೆಯಲ್ಲಿ ಒಂದು ಉಂಟು. ಇನ್ನೊಂದು ಬೇಡ. ಇವಳನ್ನು ಹೊಸಬಳು ಅನ್ನಿ, ಸಾಕು.”

ನೋಡಿ ಹೇಗಾಯಿತು. ಯಜಮಾನ ಹೆಂಡತಿಯ ಹೆಸರು ಹಿಡಿದು ಕರೆಯುವವನಲ್ಲ, ಹಾಗಾಗಿ ಸೊಸೆಯನ್ನೂ ಕರೆಯುವಂತಿಲ್ಲ. ಅಪ್ಪನಿಗೆ ಅದು ಹೆತ್ತ ತಾಯಿಯ ಹೆಸರು, ಹೆಂಡತಿಯನ್ನು ಅದರಲ್ಲಿ ಕರೆಯುವುದು ಹೇಗೆ? ಅಜ್ಜಿ ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವುದು ಹೇಗೆ? ಅವ್ವನಿಗಂತೂ ತನ್ನ ಹೆಸರು ಅತ್ತೆಯ ಹೆಸರು, ಬಾಯಿಗೆ ಬರುವಂತೆಯೇ ಇಲ್ಲ. ಯಾರೂ ಕೆಟ್ಟವರಲ್ಲ. ಒಬ್ಬೊಬ್ಬರಿಗೂ ಒಂದೊಂದು ಮರ್ಯಾದೆ. ಅಷ್ಟೂ ಮರ್ಯಾದೆಗಳು ಸೇರಿ ಅವಳೊಬ್ಬಳ ಹೆಸರನ್ನು ತಿಂದವು.

ಆ ದಿನ ಇಚಿಲಂಪಾಡಿ ಅಜ್ಜ ಬಿಸಿಲಲ್ಲಿ ನಡೆದು ಬಂದವನು, ವಯಸ್ಸಾಗಿತ್ತು, ಕಟ್ಟಳೆ ಮರೆತನೋ ಬೇಕೆಂದೇ ಮಾಡಿದನೋ, ಅಂಗಳದಲ್ಲಿ ನಿಂತು “ಉಕ್ಕಮ್ಮಾ” ಎಂದು ಕರೆದ. ಹಟ್ಟಿಯಿಂದ ಅವ್ವ ಸೆಗಣಿ ಕೈಯಲ್ಲೇ ಓಡಿಬಂದಳು. ಅವಳು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ನನ್ನ ವಯಸ್ಸಿನ ಹುಡುಗಿ ಓಡಿಬಂದ ಹಾಗಿತ್ತು. ಆದರೆ ಜಗಲಿಯ ಬಾಗಿಲಿಗೆ ಅಜ್ಜಿ ಮೊದಲೇ ಬಂದಿದ್ದಳು. “ತಮ್ಮಾ, ಈ ಮನೆಯಲ್ಲಿ ಆ ಹೆಸರು ನನ್ನದು. ಇಲ್ಲಿ ಹಾಗೆ ಕರೀಬೇಡ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕಾಲು ತೊಳೆಯಲು ನೀರು ಕೊಡುತ್ತಾ ಹೇಳಿದಳು.

ಅಜ್ಜ ಚೊಂಬು ಹಿಡಿದುಕೊಂಡು ನಿಂತೇ ಇದ್ದ. “ನಿನ್ನ ಮೇಲಿನ ಪ್ರೀತಿಗೆ ಇಟ್ಟದ್ದು ಅಕ್ಕ. ನೀನೇ ಬೇಡ ಅಂದ್ರೆ ನಾನು ಯಾರ ಹತ್ರ ಕೇಳುದು?”

ಅವ್ವ ಬಾವಿಕಟ್ಟೆಗೆ ಹೋಗಿ ಕೈ ತೊಳೆದಳು, ತೊಳೆಯುತ್ತಲೇ ಇದ್ದಳು. ಆಮೇಲೆ ಬಂದ ಎರಡು ಮೂರು ಸಲವೂ ಆ ಅಜ್ಜ ಅವಳನ್ನು ‘ಮಗಳೇ’ ಎಂದಷ್ಟೇ ಕರೆದ. ಕೊನೆಗೆ ಅವನೂ ತೀರಿಹೋದ.

ನಾನು ದೊಡ್ಡವಳಾದ ವರ್ಷ ಅಜ್ಜಿ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಅವ್ವನ ಬೆನ್ನಿಗೆ ಬಿದ್ದೆ. “ಇನ್ನು ಹೇಳಬಹುದಲ್ಲ ಅವ್ವ, ಒಂದು ಸಲ ಹೇಳು.” ಅವಳು ಬಾಯಿ ತೆರೆದಳು, ಮುಚ್ಚಿದಳು. “ಸತ್ತ ಅತ್ತೆಯನ್ನು ಹೆಸರು ಹಿಡಿದು ಕರೆದ ಹಾಗೆ ಆಗ್ತದೆ, ಬೇಡ” ಎಂದಳು. ಇದ್ದಾಗ ಮರ್ಯಾದೆ, ಹೋದ ಮೇಲೆ ಹೆದರಿಕೆ. ಅವ್ವನ ಕೊನೆಗಾಲದಲ್ಲಿ ಪುತ್ತೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ನರ್ಸು ಹುಡುಗಿ ಬಗ್ಗಿ “ನಿಮ್ಮ ಹೆಸರೆಂತ ಅಜ್ಜಿ?” ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. ನಾನೇ ಹೇಳಿದೆ. “ಉಕ್ಕಮ್ಮನಾ? ಸ್ಟೀಲಿನವರು, ಗಟ್ಟಿ ಇದ್ದೀರಿ, ಬೇಗ ಗುಣ ಆಗ್ತದೆ” ಎಂದು ಅವಳು ನಕ್ಕು ಹೋದಳು. ಅವ್ವ ಪಕ್ಕದ ಹಾಸಿಗೆಯ ಕಡೆ ತಿರುಗಿದಳು, ಆ ಹೆಸರಿನವರು ಅಲ್ಲಿ ಯಾರಾದರೂ ಇದ್ದಾರೋ ಎಂಬಂತೆ.

ಹಾಗಾಗಿ ಈ ಕೂಸು ಹುಟ್ಟಿದಾಗ ನನಗೆ ಒಂದೇ ಆಸೆ, ಅದಕ್ಕೆ ಅವ್ವನ ಹೆಸರು ಇಡಬೇಕು. ಹೇಳಿದೆ. ಮಗ ತಲೆ ಕೆರೆದುಕೊಂಡ. “ಅಮ್ಮ, ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡ್ತಾರೆ.” ದೀಪ್ತಿ ಒಳ್ಳೆಯವಳು, ನನ್ನ ಮನಸ್ಸು ನೋಯಿಸಬಾರದೆಂದು ಮೊಬೈಲಿನಲ್ಲಿ ಗಂಟೆಗಟ್ಟಲೆ ಹುಡುಕಿದಳು. ಲೋಕದ ಹೆಸರೆಲ್ಲ ಅದರಲ್ಲಿತ್ತು, ಉಕ್ಕಮ್ಮ ಇರಲಿಲ್ಲ. ಕೊನೆಗೆ ‘ಊರ್ವಿ’ ಎಂದು ಮಾಡಿದರು. “ಅಕ್ಷರ ಉಳಿಸಿದ್ದೇವೆ ನೋಡಿ ಅತ್ತೆ” ಎಂದಳು. ನಾಲ್ಕನೇ ಕ್ಲಾಸಿನ ನನಗೂ ಉ ಬೇರೆ, ಊ ಬೇರೆ ಎಂದು ಗೊತ್ತು. “ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ ಅಮ್ಮ” ಎಂದ ಮಗ. ಆಗಲಿ ಎಂದೆ. ಅವ್ವನಿಗೆ ಒಂದು ಅಕ್ಷರವಾದರೂ ಸಿಕ್ಕಿತಲ್ಲ ಎಂದು ನಿಜಕ್ಕೂ ಸಂತೋಷಪಟ್ಟೆ, ತೊಟ್ಟಿಲು ಹಾಕುವ ದಿನ ಎಲ್ಲರಿಗಿಂತ ಮೊದಲು ಎದ್ದು ಹೊಸ ಸೀರೆ ಉಟ್ಟೆ.

ರಾಮಕುಂಜದಿಂದ ಚಿಕ್ಕಪ್ಪನನ್ನು ಕಾರಿನಲ್ಲಿ ಕರೆತಂದಿದ್ದರು. ಆ ಮನೆಯವರಲ್ಲಿ ಉಳಿದಿರುವವನು ಅವನೊಬ್ಬನೇ. ಕಿವಿ ದೂರ, ಮಾತು ದೊಡ್ಡದು. “ಎಂತ ಹೆಸರು ಇಟ್ಟದ್ದು?” ಎಂದು ಕೂಗಿದ. ಮಗ ಅವನ ಕಿವಿಯ ಹತ್ತಿರ ಹೇಳಿದ: “ಊರ್ವಿ ಅಂತ ಅಜ್ಜ. ಉಕ್ಕಮ್ಮ ಅಂತ ಹಳೇ ಹೆಸರಿತ್ತಲ್ಲ, ಅದರ ಅಕ್ಷರ.”

ಚಿಕ್ಕಪ್ಪನ ಕಣ್ಣು ತುಂಬಿತು. “ನನ್ನ ಅವ್ವನ ಹೆಸರು! ಪುಣ್ಯದ ಕೆಲಸ ಮಾಡಿದೆ ಮಾರಾಯ, ನನ್ನ ಅವ್ವನನ್ನು ನೆನಪಿಟ್ಟಿರಿ.”

ನಾನು ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದೆ. “ಚಿಕ್ಕಪ್ಪ, ಅದು ನನ್ನ ಅವ್ವನದ್ದೂ ಹೆಸರು.”

“ಯಾರದ್ದು? ಅತ್ತಿಗೆಯದ್ದಾ?” ಅವನು ನನ್ನ ಮುಖವನ್ನೇ ನೋಡಿದ. “ಅತ್ತಿಗೆಗೆ ಹೆಸರಿತ್ತಾ?”

ಕೀಟಲೆ ಮಾಡುತ್ತಿರಲಿಲ್ಲ, ಪಾಪ. ಅವಳ ಸೊಂಟದ ಮೇಲೆ ಬೆಳೆದವನು, ಅವಳ ಕೈಯ ಗಂಜಿ ಕುಡಿದವನು. “ಯಾರೂ ಕರೆದದ್ದು ನಾನು ಕೇಳಲಿಲ್ಲ” ಎಂದ. “ಯಾರು ಕರೆಯುದು ಚಿಕ್ಕಪ್ಪ?” ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಊಟಕ್ಕೆ ಎಲೆ ಹಾಕಿದ್ದಾರೆಂದು ಯಾರೋ ಬಂದು ಅವನ ತೋಳು ಹಿಡಿದು ಎಬ್ಬಿಸಿದರು.

ಬೇಡಿ ಪಡೆದದ್ದು ಒಂದೇ ಅಕ್ಷರ. ಅದನ್ನೂ ಅವ್ವನ ಅತ್ತೆಯೇ ತೆಗೆದುಕೊಂಡಳು. ನಾನು ತೊಟ್ಟಿಲ ಹಗ್ಗ ಹಿಡಿದು ಕುಳಿತೆ. ಊಟಕ್ಕೆ ಹೋಗುವವರು ಒಬ್ಬೊಬ್ಬರೇ ಬಗ್ಗಿ ನೋಡಿದರು, ಕೆನ್ನೆ ಮುಟ್ಟಿದರು, ಊರ್ವಿ, ಊರ್ವಿ ಎಂದರು. ಕೂಸು ಕಾಲು ಬಡಿಯುತ್ತಾ ದನಿ ಬಂದ ಕಡೆಗೆಲ್ಲ ಕತ್ತು ತಿರುಗಿಸುತ್ತಿತ್ತು. ಆ ಸ್ವಲ್ಪ ಹೊತ್ತಿನಲ್ಲಿ ನನ್ನ ಮೊಮ್ಮಗಳನ್ನು ಹೆಸರು ಹಿಡಿದು ಕರೆದಷ್ಟು ಸಲ, ಕೊಯಿಲದ ಆ ಮನೆಯಲ್ಲಿ ನನ್ನ ಅವ್ವನನ್ನು ಅವಳ ಬದುಕಿಡೀ ಯಾರೂ ಕರೆದಿರಲಿಲ್ಲ.