ಟಿವಿಯತ್ತ ಚಾಚಿದ ಎರಡು ಕೈ

ಆ ಧಾರಾವಾಹಿ ಹಾಕಿದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಲ್ಲಿ ಕೆಲಸವೇನೂ ಇರುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತಿದ್ದೆ. ಹಾಲ್‌ನಲ್ಲಿ ಕೂತು ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ, ಅದಕ್ಕೇ.

ಯಾವುದೋ ಚಳಿದೇಶದ ಕತೆ. ನಲವತ್ತರ ಒಬ್ಬ ಗಂಡಸು, ಕಿಟಕಿ ಪರದೆ ಮಾರುವ ಅಂಗಡಿಯಲ್ಲಿ ಕೆಲಸ, ಮನೆಯಲ್ಲಿ ಒಬ್ಬನೇ. ಕಂತಿಗೊಬ್ಬ ಹೆಂಗಸನ್ನು ಭೇಟಿಯಾಗಲು ಹೊರಡುತ್ತಾನೆ, ಪ್ರತಿ ಕಂತಿನಲ್ಲೂ ಎಡವುತ್ತಾನೆ. ಹೋಟೆಲಿನಲ್ಲಿ ಇನ್ಯಾರದೋ ಮೇಜಿಗೆ ಹೋಗಿ ಹೂವು ಕೊಡುತ್ತಾನೆ, ತಪ್ಪಾಯಿತೆಂದು ತಿಳಿದ ಮೇಲೆ ಅದೇ ಹೂವನ್ನು ವಾಪಸ್ ಕೇಳುತ್ತಾನೆ. ಹೆಂಗಸು ಮನೆಗೆ ಕರೆದರೆ ಅವಳ ಪರದೆಯ ಅಳತೆ ತಪ್ಪಿದೆ ಎನ್ನುತ್ತಾನೆ. ಅವನು ಹೀಗೆ ಮಾಡಿಕೊಂಡಾಗ ಕ್ಯಾಮೆರಾ ಬೇರೆ ಕಡೆ ತಿರುಗುವುದೂ ಇಲ್ಲ. ಅವನ ಮುಖದ ಮೇಲೇ ನಿಂತಿರುತ್ತದೆ, ನೋಡಿ ನಗಿ ಎನ್ನುವಂತೆ.

ನನ್ನ ಗಂಡನಿಗೂ ಮಗಳಿಗೂ ಅದು ಪ್ರಾಣ. ಮಗಳು ಇಲ್ಲಿ ಒಮಾನಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ನಾನು ಬೈದರೆ, "ಇಟ್ಸ್ ಕ್ರಿಂಜ್ ಕಾಮಿಡಿ ಅಮ್ಮಾ, ದಟ್ಸ್ ದ ಪಾಯಿಂಟ್" ಎನ್ನುತ್ತಿದ್ದಳು. ಗಂಡ, "ಹುಚ್ಚು ಬಿಡದೆ ಮದುವೆ ಆಗುದಿಲ್ಲ, ಮದುವೆ ಆಗದೆ ಹುಚ್ಚು ಬಿಡುದಿಲ್ಲ, ಇವನ ಕತೆ ಅದೇ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಾನು ಅಡುಗೆಮನೆಯಿಂದಲೇ ಗೊಣಗುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರ ದೂರು. ಇರಲಿ, ಮೂಗು ನನ್ನದೇ ತಾನೆ.

ನಿಜ ಹೇಳುವುದಾದರೆ ನನ್ನ ಸಿಟ್ಟು ಆ ಪರದೆ ಮಾರುವವನ ಮೇಲಾಗಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅದೇ ಸೋಫಾದ ತುದಿಯಲ್ಲಿ ನನ್ನ ತಮ್ಮ ಕೂತಿರುತ್ತಿದ್ದ. ಅವನಿಗೂ ನಲವತ್ತು ದಾಟಿತ್ತು, ಅವನಿಗೂ ಮದುವೆಯಾಗಿರಲಿಲ್ಲ.

ತಮ್ಮ ಇಲ್ಲಿಂದ ಆರು ಗಂಟೆ ದೂರದ ದುಕ್ಮ್‌ನಲ್ಲಿ ಒಂದು ಕಾಂಟ್ರಾಕ್ಟ್ ಕಂಪನಿಯ ಸ್ಟೋರ್‌ಕೀಪರ್. ಅಲ್ಲಿ ಸಮುದ್ರ, ಮರಳು, ಕ್ಯಾಂಪು ಬಿಟ್ಟರೆ ಹೇಳಿಕೊಳ್ಳುವಂಥದ್ದೇನಿಲ್ಲ. ವಾರ ಬಿಟ್ಟು ವಾರ ಗುರುವಾರ ಕಂಪನಿಯ ಬಸ್ಸು ಹತ್ತಿ, ಅಲ್ ಅಮೇರಾತ್‌ನ ನಮ್ಮ ಫ್ಲ್ಯಾಟಿಗೆ ಬರುವಷ್ಟರಲ್ಲಿ ಅವನ ತಲೆಕೂದಲೆಲ್ಲ ಧೂಳಿನ ಬಣ್ಣ. ಅಮ್ಮ ಹೋದ ಮೇಲೆ ಅವನಿಗೆ ಮನೆ ಅಂತ ಇರುವುದು ನಮ್ಮದೇ. ಕೆಟ್ಟ ಚಟ ಒಂದಿಲ್ಲ. ಆದರೆ ನಾಲ್ಕು ಜನರ ನಡುವೆ ಅವನಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ಮಾತಾಡಬೇಕಾದಲ್ಲಿ ಸುಮ್ಮನಿರುತ್ತಾನೆ, ಸುಮ್ಮನಿರಬೇಕಾದಲ್ಲಿ ಸ್ಟೋರಿನ ಬೋಲ್ಟಿನ ಸೈಜು ಹೇಳುತ್ತಾನೆ.

ಹೊಸತರಲ್ಲಿ ಅವನ ಒಮಾನಿ ಮ್ಯಾನೇಜರ್ ಪ್ರೀತಿಯಿಂದ ಕೂರಿಸಿ ಖಹ್ವಾ, ಅಂದರೆ ಇಲ್ಲಿಯ ಕಾಫಿ, ಸುರಿದುಕೊಟ್ಟಿದ್ದರಂತೆ. ಸಾಕಾದರೆ ಕಪ್ಪನ್ನು ಒಮ್ಮೆ ಅಲ್ಲಾಡಿಸಿ ಕೊಡುವುದು ಇಲ್ಲಿಯ ಕ್ರಮ. ಇವನಿಗೆ ಅದು ಗೊತ್ತಿಲ್ಲ, ಖಾಲಿ ಕಪ್ಪು ಹಿಡಿದು ಕೂತ. ಅವರು ತುಂಬಿಸಿದರು, ಇವನು ಕುಡಿದ. ಮತ್ತೆ ತುಂಬಿಸಿದರು, ಮತ್ತೆ ಕುಡಿದ. ಇವನೋ, ಚಿಕ್ಕಂದಿನಿಂದ ಕಾಫಿ ಚಹಾ ಮುಟ್ಟಿದವನಲ್ಲ, ವಾಸನೆಗೇ ವಾಂತಿ. ನಮ್ಮ ಮನೆಯಲ್ಲಿ ಅವನಿಗೆ ಯಾವಾಗಲೂ ಜೀರಿಗೆ ನೀರು. ಆ ದಿನ ಸ್ಟೋರಿನ ಹಿಂದೆ ಹೋಗಿ ಎಲ್ಲ ಕಕ್ಕಿ, ಬಾಯಿ ತೊಳೆದು ಬಂದು ಮ್ಯಾನೇಜರಿಗೆ ಶುಕ್ರನ್ ಎಂದು ಥ್ಯಾಂಕ್ಸ್ ಹೇಳಿದನಂತೆ. ಇದನ್ನು ನನ್ನ ಗಂಡ ಬಂದವರಿಗೆಲ್ಲ ನಟಿಸಿ ತೋರಿಸುತ್ತಿದ್ದರು. ತಮ್ಮನೂ ಪಕ್ಕದಲ್ಲೇ ಕೂತು ನಗುತ್ತಿದ್ದ.

ಅವನು ಆ ಧಾರಾವಾಹಿ ನೋಡುವ ರೀತಿಯೇ ಬೇರೆ. ಇವರಿಬ್ಬರು ಬಿದ್ದು ಬಿದ್ದು ನಗುವಾಗ ಅವನು ಮುಂದಕ್ಕೆ ಬಾಗಿ ಕೂತಿರುತ್ತಿದ್ದ. ತಪ್ಪಿಹೋದ ಕಂತುಗಳ ಬಗ್ಗೆ ಮಗಳನ್ನು ಕೇಳುತ್ತಿದ್ದ, "ಹೋದ ಸಲ ಒಬ್ಬರು ಲೈಬ್ರರಿಯವರು ಇದ್ದರಲ್ಲ, ಅವರು ಎಂತ ಹೇಳಿದ್ರು? ಒಪ್ಪಿದ್ರಾ?" ಮಗಳು, "ಮಾಮಾ, ಇಟ್ಸ್ ಅ ಕಾಮಿಡಿ" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ ಊರಿನ ಬ್ರೋಕರ್ ಒಂದು ಸಂಬಂಧ ಕಳಿಸಿದರು. ಮೂಡಬಿದಿರೆ ಕಡೆಯ ಹುಡುಗಿ, ಮೂವತ್ತಾರು ವರ್ಷ, ಸೊಸೈಟಿಯೊಂದರಲ್ಲಿ ಕ್ಲರ್ಕ್. ಬಳಿ, ಅಂದರೆ ಗೋತ್ರ, ಬೇರೆಯಾಗಿತ್ತು, ಜಾತಕ ಕೂಡಿತ್ತು, ಗಲ್ಫಿನ ಹುಡುಗ ಆಗಬಹುದೆಂದು ಅವರೇ ಹೇಳಿದ್ದರು. ಫೋಟೋದಲ್ಲಿ ಅವಳು ನಗದೆ, ನೇರವಾಗಿ ನೋಡುತ್ತಿದ್ದಳು. ತಮ್ಮ ಆ ಫೋಟೋವನ್ನು ನೋಡಿ, "ಇವರು ಆಗಬಹುದು ಅಕ್ಕ" ಅಂದ. ಬೇಕು ಎಂದು ಅವನು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇದೊಂದು ಆಗಿಬಿಡಲಿ ದೇವರೇ ಎಂದು ಊರಿನ ದೈವಕ್ಕೆ ಹರಕೆ ಹೇಳಿಕೊಂಡೆ.

ಅವನಿಗೆ ರಜೆ ಸಿಗಲು ಇನ್ನೂ ತಿಂಗಳುಗಳಿದ್ದವು. ಹಾಗಾಗಿ ಹುಡುಗಿ ನೋಡುವುದು ವಿಡಿಯೋ ಕಾಲ್‌ನಲ್ಲೇ ಎಂದಾಯಿತು. ನಮಗೆ ರಜೆ ಶುಕ್ರವಾರ ಶನಿವಾರ, ಅವರಿಗೆ ಭಾನುವಾರ. ಕಡೆಗೆ ಅವಳಿಗೂ ರಜೆ ಇರುವ ಎರಡನೇ ಶನಿವಾರ ಗೊತ್ತುಮಾಡಿದೆವು. ಫೋನಿನ ಪುಟ್ಟ ಚೌಕದಲ್ಲಿ ಎಂತ ನೋಡುದು ಎಂದು ಗಂಡ ನನ್ನ ಫೋನನ್ನು ದೊಡ್ಡ ಟಿವಿಗೆ ಜೋಡಿಸಿದರು. ಫೋನು ಟಿವಿಯ ಕೆಳಗೆ ಡಬ್ಬಕ್ಕೆ ಒರಗಿ ನಮ್ಮನ್ನು ನೋಡುತ್ತಿತ್ತು, ನಾವು ಟಿವಿಯಲ್ಲಿ ಅವರನ್ನು ನೋಡುತ್ತಿದ್ದೆವು. ಅದೇ ಟಿವಿ, ಅದೇ ಸೋಫಾ. ತಮ್ಮ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಡುವೆ ಕೂತ.

ಅಲ್ಲಿ ಹುಡುಗಿಯ ಸೋದರಮಾವ, ತಾಯಿ, ಬ್ರೋಕರ್ ಇದ್ದರು. ನಮಸ್ಕಾರ ಆಯಿತು. ಗಂಡ ಎಲ್ಲ ವಿವರಿಸಿದರು, ದುಕ್ಮ್‌ನಲ್ಲಿ ಗಂಡಸರ ಕ್ಯಾಂಪು, ಹುಡುಗಿ ಇಲ್ಲಿ ನಮ್ಮ ಜೊತೆಗೇ ಇರ್ತಾಳೆ, ನಮ್ಮ ಮಗಳ ಹಾಗೆ ನೋಡಿಕೊಳ್ತೇವೆ ಅಂತ. ಆಮೇಲೆ ಅವಳು ಬಂದಳು, ಕೈಯಲ್ಲಿ ಕಾಫಿಯ ತಟ್ಟೆ. ಗಂಡು ಕಡಲಿನಾಚೆ ಇದ್ದರೂ ಕಾಫಿ ತರುವ ಶಾಸ್ತ್ರ ತಪ್ಪಬಾರದೆಂದು ತಾಯಿ ಹೇಳಿರಬೇಕು. "ಕೊಡು ಮಗಾ" ಎಂದರು ತಾಯಿ, ಅಭ್ಯಾಸಬಲದಿಂದ. ಯಾರಿಗೆ ಕೊಡುವುದು? ಅವಳು ತಟ್ಟೆ ಹಿಡಿದು ಫೋನಿನ ಮುಂದೆ ನಿಂತಳು. ಅದೇ ಹೊತ್ತಿಗೆ ಧ್ವನಿ ಕೈಕೊಟ್ಟಿತು. "ಕೇಳ್ತದಾ? ಈಗ ಕೇಳ್ತದಾ?" ಎಂದು ಅವಳ ಮಾವ ಅಲ್ಲಿಂದ, "ನಿಮ್ಮದು ಕೇಳ್ತದೆ, ನಮ್ಮದು ಕೇಳ್ತದಾ?" ಎಂದು ನನ್ನ ಗಂಡ ಇಲ್ಲಿಂದ. ಹೀಗೇ ನಡೆಯಿತು. ಅವಳು ನಿಂತೇ ಇದ್ದಳು.

ಆಗ ನನ್ನ ತಮ್ಮ ಸೋಫಾದಿಂದ ಎದ್ದ. ಎದ್ದವನು ನೇರ ಟಿವಿಯ ಹತ್ತಿರ ಹೋಗಿ, ಅವಳ ತಟ್ಟೆಯ ಕಡೆಗೆ ಎರಡೂ ಕೈ ಚಾಚಿದ.

ನಾನು ಕಣ್ಣು ಮುಚ್ಚಿಕೊಂಡೆ. ಆ ಪರದೆ ಮಾರುವವನು ಹೂವು ವಾಪಸ್ ಕೇಳಿದಾಗ ಮುಚ್ಚಿಕೊಂಡ ಹಾಗೆಯೇ. ಅವನ ಬೆರಳು ಗಾಜಿಗೆ ತಗುಲಿದ ಸಣ್ಣ ಸದ್ದು ಕೇಳಿತು. ಅದರ ಹಿಂದೆಯೇ ಗಂಡನ ನಗು, ತಡೆಯಲು ನೋಡಿ ತಡೆಯಲಾರದೆ ಸ್ಫೋಟಿಸಿದ್ದು. ಮಗಳ ನಗು. "ಓ ಮೈ ಗಾಡ್, ಇಟ್ಸ್ ಲಿಟರಲಿ ದ ಶೋ!" ಹಾಳು ಧ್ವನಿ ಅಷ್ಟರಲ್ಲಿ ಸರಿಯಾಗಿತ್ತು. ನಾನು ಕಣ್ಣು ಬಿಟ್ಟಾಗ ಟಿವಿಯಲ್ಲಿ ಬ್ರೋಕರ್ ತಲೆ ತಗ್ಗಿಸಿದ್ದರು, ಹುಡುಗಿ ಒಳಗೆ ಹೋಗಿದ್ದಳು, ತಮ್ಮ ಕೈ ಕೆಳಗಿಳಿಸಿ ಅಂಗಿಯ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದ.

ಎರಡು ದಿನ ಬಿಟ್ಟು ಬ್ರೋಕರ್ ಫೋನ್ ಮಾಡಿದರು. "ಅವರಿಗೆ ಬೇಡವಂತೆ. ಹುಡುಗ ಸ್ವಲ್ಪ ಇದು ಅಂತ ಕಾಣ್ತದೆ ಅಂತ ಮಾವ ಹೇಳ್ತಾರೆ." ಇದು ಅಂದರೆ ಎಂತದು ಎಂದು ಅವರ ಮೇಲೆ ಹರಿಹಾಯ್ದೆ. ಆ ಕಡೆಯಿಂದ ಫೋನ್ ಇಟ್ಟರು. ತಮ್ಮನಿಗೆ ಹೇಳಿದಾಗ "ಹೌದಾ" ಎಂದಷ್ಟೇ ಅಂದ. ಮುಂದಿನ ಸಲ ಅವನು ಬರಲಿಲ್ಲ, ಓವರ್‌ಟೈಮ್ ಉಂಟು ಅಂದ. ಅದರ ಮುಂದಿನ ಸಲವೂ ಬರಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು, ಅದೂ ಅವನ ಮೇಲೆ. ಇಷ್ಟು ವರ್ಷದ ಗಂಡಸಿಗೆ ಟಿವಿ ಯಾವುದು ಮನುಷ್ಯರು ಯಾರು ಅಂತ ತಿಳಿಯಬೇಡವೇ?

ಕಡೆಗೊಮ್ಮೆ ಬಂದ. ಮರುದಿನ ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಅವನಿಗೆ ಜೀರಿಗೆ ನೀರು ಕುದಿಸುತ್ತ ನಿಂತಿದ್ದೆ. ಅವನು ಬಾಗಿಲಿಗೆ ಒರಗಿ ನಿಂತಿದ್ದ. ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಲ್ಲ ಮಾರಾಯಾ, ಟಿವಿಯೊಳಗಿನ ಕಾಫಿಗೆ ಯಾರಾದ್ರೂ ಕೈ ನೀಡ್ತಾರಾ? ಅಷ್ಟು ಆಸೆಯಾ ನಿನಗೆ ಕಾಫಿ?"

"ನಾನು ಕಾಫಿ ಕುಡಿಯುದಿಲ್ಲ ಅಲ್ವಾ ಅಕ್ಕ" ಅಂದ.

ನನ್ನ ಕೈಯಲ್ಲಿ ಅವನ ಜೀರಿಗೆ ನೀರಿನ ಲೋಟ ಇತ್ತು.

"ಅವರ ಕೈ ನಡುಗ್ತಾ ಇತ್ತು. ಲೋಟ ಎಲ್ಲ ಒಂದು ಬದಿಗೆ ಜಾರ್ತಾ ಇತ್ತು. ಇವರೆಲ್ಲ ಕೇಳ್ತದಾ ಕೇಳ್ತದಾ ಅಂತ. ತಟ್ಟೆ ಕೆಳಗಿಡಮ್ಮ ಅಂತ ಒಬ್ಬರೂ ಹೇಳ್ಲಿಲ್ಲ. ನನಗೆ ಬಾಯಿ ಬರ್ಲಿಲ್ಲ, ಕೈ ಹೋಯ್ತು."

ಅಷ್ಟು ಹೇಳಿ ಲೋಟ ತೆಗೆದುಕೊಂಡು ಹೋದ. ನಾನು ಅಲ್ಲೇ ನಿಂತೆ. ಚಿಕ್ಕಂದಿನಿಂದ ಅವನಿಗೆ ಕಾಫಿಯಾಗದೆಂದು ಗೊತ್ತಿದ್ದವಳು ನಾನು. ಇಡೀ ಹಾಲ್‌ನಲ್ಲಿ ಆ ಹುಡುಗಿಯನ್ನು ನಿಜವಾಗಿ ನೋಡಿದವನು ಅವನೊಬ್ಬನೇ ಎಂಬುದು ನನಗೆ ಆಗ ಹೊಳೆಯಿತು.

ಇದನ್ನು ಅವಳಿಗೆ ತಿಳಿಸದೆ ಇರಲು ನನ್ನಿಂದಾಗಲಿಲ್ಲ. ಆ ದಿನದ ಕರೆ ಬಂದದ್ದು ಅವಳ ಫೋನಿನಿಂದಲೇ, ನಂಬರು ನನ್ನ ಹತ್ತಿರ ಇತ್ತು. ಶನಿವಾರ ಮಧ್ಯಾಹ್ನ ಊಟವಾಗಿ ಮೂವರೂ ಹಾಲ್‌ನಲ್ಲಿ ಟಿವಿಯ ಮುಂದೆ ಕೂತಾಗ ಅಡುಗೆಮನೆಯ ಬಾಗಿಲು ಎಳೆದುಕೊಂಡು ಫೋನ್ ಮಾಡಿದೆ. ಅವಳೇ ಎತ್ತಿದಳು. ಯಾರೆಂದು ಹೇಳಿದೆ. ಮನಸ್ಸು ಬದಲಿಸಿ ಎಂದು ಕೇಳಲು ಅಲ್ಲ, ಒಂದು ಮಾತು ಹೇಳಲಿಕ್ಕುಂಟು ಎಂದೆ. ನನ್ನ ತಮ್ಮನಿಗೆ ತಲೆ ಸರಿ ಉಂಟು, ಅವನು ಕಾಫಿಯೇ ಕುಡಿಯುವುದಿಲ್ಲ, ನಿಮ್ಮ ಕೈ ನಡುಗುವುದು ನೋಡಿ ತಟ್ಟೆ ಹಿಡಿಯಲು ಬಂದದ್ದು ಎಂದು ಒಂದೇ ಉಸಿರಿಗೆ ಹೇಳಿದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು.

"ನನಗೆ ಆಗ್ಲೇ ಗೊತ್ತಾಗಿತ್ತು" ಅಂದಳು. "ಅವರು ನನ್ನ ಮುಖ ನೋಡ್ಲಿಲ್ಲ, ಕೈಯನ್ನೇ ನೋಡ್ತಾ ಬಂದ್ರು. ಹಾಗೆ ಯಾರೂ ಬಂದದ್ದಿಲ್ಲ."

"ಮತ್ತೆ ಬೇಡ ಅಂದದ್ದು? ನಿಮ್ಮ ಮಾವನಾ?"

"ಮಾವ ಅಲ್ಲ, ನಾನೇ. ಬೇಜಾರು ಮಾಡ್ಬೇಡಿ ಅಕ್ಕ. ಅವರನ್ನು ಬೇಡ ಅಂದದ್ದಲ್ಲ. ಅವರು ದುಕ್ಮ್‌ನಲ್ಲಿ ಇರ್ತಾರೆ, ನಾನು ಇರಬೇಕಾದ್ದು ನಿಮ್ಮ ಮನೆಯಲ್ಲಿ. ಅಂಥವರನ್ನೇ ನೋಡಿ ನಗಾಡುವ ಮನೆ. ನಾಳೆ ಅಲ್ಲಿ ನನ್ನ ಕೈ ನಡುಗಿದ್ರೆ?" ಅವಳೇ ಸೇರಿಸಿದಳು, "ನೀವು ನಗಾಡ್ಲಿಲ್ಲ. ನೀವು ಕಣ್ಣು ಮುಚ್ಚಿಕೊಂಡದ್ದು ಕಾಣ್ತಿತ್ತು."

ಯಾರಿಗೂ ಬಾಯಿ ಕೊಟ್ಟು ಸೋತವಳಲ್ಲ ನಾನು, ಇವಳಿಗೆ ಸೋತೆ. ಅವಳು ಮರ್ಯಾದೆಯಿಂದ, ಇಡ್ತೇನೆ ಆಯ್ತಾ ಎಂದು ಕೇಳಿಯೇ ಫೋನ್ ಇಟ್ಟಳು.

ಹಾಲ್‌ನಿಂದ ಗಂಡನ ನಗು ಕೇಳುತ್ತಿತ್ತು, ಮಗಳದೂ. ನಾನು ಹೋಗಿ ಟಿವಿಯ ಮುಂದೆ ನಿಂತೆ. ಪರದೆ ಮಾರುವವನು ಯಾರದೋ ಮನೆಯ ಬಾಗಿಲಲ್ಲಿ ಹೊಸ ಕೋಟು ಹಾಕಿಕೊಂಡು ನಿಂತಿದ್ದ, ಬೆಲ್ ಒತ್ತಲೋ ಬೇಡವೋ ಎಂದು ಬೆರಳು ಎತ್ತಿ ಹಿಂದೆಳೆದುಕೊಳ್ಳುತ್ತಿದ್ದ. ನಾನು ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದೆ. ಇಬ್ಬರ ನಗು ಅರ್ಧಕ್ಕೆ ನಿಂತಿತು. ಎಂತಾಯ್ತು ಎಂದು ಗಂಡ ನನ್ನ ಮುಖ ನೋಡಿದರು.

ತಮ್ಮ ಮಾತ್ರ ಸೋಫಾದ ತುದಿಯಲ್ಲಿ ಇನ್ನೂ ಮುಂದಕ್ಕೆ ಬಾಗಿಯೇ ಇದ್ದ.

"ನಿಲ್ಲಿಸ್ಬೇಡ ಅಕ್ಕ" ಅಂದ. "ಅವನದ್ದು ಈ ಸಲ ಆಗ್ತದೆ ಅಂತ ಕಾಣ್ತದೆ."