ಡ್ರೈವರ್‌ಗೆ ನಿದ್ದೆ ಬಾರದಿರಲೆಂದು

ಎರಡು ವರ್ಷದ ಹಿಂದಿನ ಬೇಸಿಗೆ. ಏಳು ತಿಂಗಳಿಗೇ ಹೆರಿಗೆಯಾಗಿ, ಮಗು ಉಳಿಯದೆ, ನಾನು ದಾವಣಗೆರೆಯ ಆಸ್ಪತ್ರೆಯಿಂದ ಬರಿಗೈಯಲ್ಲಿ ನ್ಯಾಮತಿಗೆ ವಾಪಸಾದ ದಿನ. ಮಗು ಹೋದಾಗಿನಿಂದ ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಹಟವೇನಲ್ಲ, ಸುಸ್ತು. ಬಾಯಿ ತೆರೆಯುವುದೇ ದೊಡ್ಡ ಕೆಲಸ ಅನ್ನಿಸುತ್ತಿತ್ತು. ನೋಡಲು ಬಂದವರು ಇನ್ನೂ ವಯಸ್ಸಿದೆ ಬಿಡು ಎಂದು ಸಮಾಧಾನ ಹೇಳಿ, ಎಳನೀರು ಇಟ್ಟು ಹೋಗುತ್ತಿದ್ದರು. ನನ್ನ ಗಂಡ ಮಾತ್ರ ಏನೂ ಹೇಳದೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತೇ ರಾತ್ರಿಗಳನ್ನು ಕಳೆದಿದ್ದರು.

ಬಾಡಿಗೆ ಕಾರಿನ ಡ್ರೈವರ್ ಚನ್ನಗಿರಿ ಕಡೆಯವರು, ಮನೆಮಾತು ಉರ್ದು. ನಾನು ಹಿಂದಿನ ಸೀಟಿನಲ್ಲಿ ಒರಗಿದ್ದೆ. ಮುಂದೆ ಡ್ರೈವರ್ ಪಕ್ಕ ಕೂತ ನನ್ನ ಗಂಡ ಊರು ದಾಟುವ ಮುಂಚೆಯೇ ನಿದ್ದೆಹೋದರು. ಮಲೇಬೆನ್ನೂರು ಕಳೆದ ಮೇಲೆ, ಪಕ್ಕದಲ್ಲಿ ಕಾಲುವೆ ತುಂಬಿ ಹರಿಯುತ್ತಿದ್ದ ಕಡೆ, ಕಾರು ರಸ್ತೆಯ ಅಂಚಿಗೆ ಜಾರಿ ದಡಕ್ಕನೆ ವಾಪಸು ಬಂತು. ಡ್ರೈವರ್ ತಾವೇ ಗಾಡಿ ನಿಲ್ಲಿಸಿ ಮುಖ ತೊಳೆದು, ಅಂಗಡಿಯೊಂದರಲ್ಲಿ ಟೀ ಕುಡಿದು ಬಂದರು. ಹಿಂದಿನ ದಿನದಿಂದ ನಿದ್ದೆಯಿಲ್ಲ, ಮದುವೆ ಬಾಡಿಗೆಗಳಂತೆ. ಸ್ವಲ್ಪ ದೂರ ಹೋಗುವುದರೊಳಗೆ ಕನ್ನಡಿಯಲ್ಲಿ ಅವರ ಕಣ್ಣು ಮತ್ತೆ ಎಳೆಯತೊಡಗಿತು.

ಕಾರು ಕಾಲುವೆಗೆ ಹೋದರೆ ಹೋಗಲಿ ಅಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಗಂಡನ ತಲೆ ಕಿಟಕಿಯ ಗಾಜಿಗೆ ಬಡಿಯಿತು. ಆದರೂ ಎಚ್ಚರವಾಗಲಿಲ್ಲ. ಗಡ್ಡ ಬೆಳೆದಿತ್ತು, ಶರ್ಟು ಕೊಳೆಯಾಗಿತ್ತು. ಈ ಮನುಷ್ಯ ಸಾಯಬಾರದು ಅನ್ನಿಸಿತು.

"ಗಾಡಿ ನಿಲ್ಸಿ ಸ್ವಲ್ಪ ಮಲಗ್ರಿ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಈ ಬಿಸಿಲಾಗೆ ನಿಮ್ಮನ್ನ ಹೆಂಗೆ ಕಾಯ್ಸಾಕೆ ಆಗ್ತೈತಿ ಅಕ್ಕಾ? ನೀವು ಏನಾರ ಮಾತಾಡ್ತಿರ್ರಿ. ಸುಮ್ನಿದ್ರೇ ನಂಗೆ ನಿದ್ದೆ ಬರ್ತೈತಿ."

ಏನು ಮಾತಾಡುವುದು? ಯಾವೂರು ಎಂದು ಅವರೇ ಕೇಳಿದರು. ಜಗಳೂರು ಕಡೆ, ತವರಿನಲ್ಲಿ ತೆಲುಗು ಎಂದೆ. ಅವರು ನಿದ್ದೆ ಓಡಿಸಲೆಂದು ಪದಗಳ ಆಟ ಶುರುಮಾಡಿದರು. ಹೋಟೆಲಿನಲ್ಲಿ ಬಾತ್ ಎಂದರೆ ತಿಂಡಿ, ಅವರ ಮನೆಯಲ್ಲಿ ಬಾತ್ ಎಂದರೆ ಮಾತು. ಬಡಿಸುವಾಗ ಬಸ್ ಎಂದರೆ ಸಾಕು ಅಂತ, ರಸ್ತೆಯಲ್ಲಿ ಹೋಗುವ ಬಸ್ಸಲ್ಲ. ನಿಮ್ಮಲ್ಲಿ ಹಿಂಗೆ ಏನೈತಿ ಅಂದರು. ನಾನು ಮಾಟ ಎಂದೆ. ತೆಲುಗಿನಲ್ಲಿ ಅದು ಬರೀ ಮಾತು. ನಮ್ಮಜ್ಜಿ ಕನ್ನಡದ ಬೀಗರ ಮುಂದೆ ಒಂದು ಮಾಟ ಇದೆ ಎಂದು ಬಾಯಿ ತಪ್ಪಿ ಹೇಳಿ, ಅವರೆಲ್ಲ ಬೆಚ್ಚಿ ಎದ್ದು ಕೂರುವಂತೆ ಮಾಡಿದ್ದಳು. ಡ್ರೈವರ್ ಜೋರಾಗಿ ನಕ್ಕರು.

ಆಮೇಲೆ ಪಾಲು ಎಂದೆ. ಕನ್ನಡದಲ್ಲಿ ಅದು ಹಿಸ್ಸೆ, ತೆಲುಗಿನಲ್ಲಿ ಹಾಲು. ಹೇಳುತ್ತಿದ್ದಂತೆ ಅಳು ಒತ್ತರಿಸಿಕೊಂಡು ಬಂತು. ಕುಡಿಯುವವರಿಲ್ಲದೆ ಎದೆ ಕಟ್ಟಿಕೊಂಡು ನೋಯುತ್ತಿತ್ತು. ಆಸ್ಪತ್ರೆಯಲ್ಲಿ ಬಾರದ ಅಳು ಆ ಕಾರಿನಲ್ಲಿ ಬಂತು. ಡ್ರೈವರ್ ಕನ್ನಡಿ ನೋಡಲಿಲ್ಲ. ರಸ್ತೆ ನೋಡುತ್ತಲೇ ಮೆಲ್ಲಗೆ "ಇನ್ನೊಂದು ಹೇಳ್ರಿ ಅಕ್ಕಾ" ಅಂದರು. ಹೇಳಿದೆ. ಹೊನ್ನಾಳಿ ಸೇತುವೆ ದಾಟುವ ಹೊತ್ತಿಗೆ ಇಬ್ಬರಿಗೂ ಪದಗಳು ಮುಗಿದಿದ್ದವು. ಹೇಳಿದ್ದನ್ನೇ ಮತ್ತೆ ಹೇಳುತ್ತಾ ನ್ಯಾಮತಿ ಮುಟ್ಟಿದೆವು.

ಮನೆ ಮುಂದೆ ಇವರಿಗೆ ಎಚ್ಚರವಾಯಿತು. ಅಕ್ಕ ಮಾತಾಡುತ್ತಿದ್ದುದರಿಂದ ಬಚಾವಾದೆವು ಎಂದು ಡ್ರೈವರ್ ಹೇಳಿದಾಗ ಇವರು ಬ್ಯಾಗ್ ಹಿಡಿದು ನಿಂತುಬಿಟ್ಟರು.

"ಇವಳು ಮಾತಾಡಿದ್ಲಾ?" ನನ್ನನ್ನಲ್ಲ, ಡ್ರೈವರನ್ನೇ ಕೇಳಿದರು.

"ದಾರಿ ಉದ್ದಕ್ಕೂ ಸರ್."

ಇವರು ಜಗುಲಿಯ ಮೇಲೆ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ದಣಿವು ನನ್ನಿಂದ ಈಗಲೂ ಪೂರ್ತಿ ಹೋಗಿಲ್ಲ. ಕೆಲವು ದಿನ ಬಾಯಿ ತೆರೆಯಲು ಮನಸ್ಸೇ ಬರುವುದಿಲ್ಲ. ಆದರೂ ಮಲಗುವ ಮುಂಚೆ ಇವರ ಹತ್ತಿರ ಏನಾದರೂ ಒಂದು ಮಾತಾಡುತ್ತೇನೆ, ಸಾರಿಗೆ ಉಪ್ಪು ಕಮ್ಮಿಯಾಗಿತ್ತಾ ಎಂದಾದರೂ ಸರಿ.