ಒಕ್ಕಲುತನ ಎಂದು ಬರೆಸಿದವನು

ಬೆಳಿಗ್ಗೆ ಏಳಕ್ಕೆ ಪ್ರಯೋಗಾಲಯದ ಬಾಗಿಲು ತೆಗೆಯುವುದು, ಏಳೂಕಾಲಿಗೆ ಸೂಕ್ಷ್ಮದರ್ಶಕದ ಮಸೂರ ಒರೆಸುವುದು, ಎಂಟಕ್ಕೆ ಮೊದಲ ಮಾದರಿ. ಗಂಡಸರ ವೀರ್ಯದ ಮೇಲೆ ಸಂಶೋಧನೆ ಮಾಡಿದ ನನ್ನ ಇಡೀ ವೃತ್ತಿಜೀವನ ಈ ಕ್ರಮದಲ್ಲೇ ನಡೆಯಿತು. ಅದರ ಕೊನೆಯ ಕೆಲವು ವರ್ಷ ಚಿಕ್ಕೋಡಿಯಲ್ಲಿದ್ದೆ. ಮಕ್ಕಳಾಗದಿದ್ದರೆ ಗಂಡನನ್ನೂ ಪರೀಕ್ಷಿಸಬೇಕು ಎಂಬುದು ಅಲ್ಲಿ ಎಷ್ಟೋ ಮನೆಗಳಿಗೆ ಹೊಸ ಮಾತು. ಬಂದವನು ಬಾಗಿಲಲ್ಲಿ ನನ್ನನ್ನು ಕಂಡು ತಲೆ ತಗ್ಗಿಸುತ್ತಿದ್ದ.

"ಅಕ್ಕಾರ, ಗಂಡಸ ಡಾಕ್ಟರ್ ಯಾರೂ ಇಲ್ಲೇನ್ರಿ?"

"ಇಲ್ಲಪಾ. ಡಬ್ಬಿ ತಗೊಂಡು ಆ ಖೋಲಿಗೆ ಹೋಗು."

ಒಂದು ಜನವರಿಯಲ್ಲಿ ಕಬ್ಬೂರಿನವನೊಬ್ಬ ಹಾಗೆಯೇ ಬಂದ. ಮದುವೆಯಾಗಿ ಆರು ವರ್ಷ. ಅವನ ತಾಯಿ ಸೊಸೆಗೆ ಗಡುವು ಕೊಟ್ಟಿದ್ದಳು: ದಸರೆಯೊಳಗೆ ಬಸಿರಾಗದಿದ್ದರೆ ಸೋಡಚೀಟಿ, ಅಂದರೆ ವಿಚ್ಛೇದನದ ಕಾಗದ, ಬರೆಸಿ ತವರಿಗೆ ಕಳುಹಿಸುವುದು. ಸದಲಗಾದಲ್ಲಿ ಇನ್ನೊಂದು ಹೆಣ್ಣನ್ನು ನೋಡಿಯೂ ಆಗಿತ್ತು.

ಉದ್ಯೋಗ ಏನು ಎಂದು ಕೇಳಿದೆ. "ಒಕ್ಕಲುತನರಿ" ಎಂದ. ಹಾಗೆಯೇ ಬರೆದುಕೊಂಡೆ.

ಹದಿನೈದು ದಿನಗಳ ಅಂತರದಲ್ಲಿ ಎರಡು ಪರೀಕ್ಷೆ, ಆಮೇಲೆ ತೀರ್ಮಾನ. ಇದು ನನ್ನ ಪದ್ಧತಿ. ಎರಡೂ ಸಲ ವೀರ್ಯಾಣುಗಳು ತೀರ ಕಡಿಮೆ ಇದ್ದವು, ಇದ್ದವೂ ಚಲಿಸುತ್ತಿರಲಿಲ್ಲ. ಸಹಜವಾಗಿ ಮಗುವಾಗುವುದು ಕಷ್ಟ ಎಂದು ವರದಿ ಬರೆದೆ. ಫೋನಿನಲ್ಲಿ ಹೇಳಿದಾಗ ಅವನು, "ಅವ್ವಗ ಮಾತ್ರ ಹೇಳಬ್ಯಾಡ್ರಿ" ಎಂದ. ವರದಿ ತರಲು ಹೆಂಡತಿಯನ್ನು ಕಳುಹಿಸಿದ.

ಆಕೆ ನಿಂತಲ್ಲೇ ಕಾಗದ ಓದಿದಳು. ಮೇಲಿನ ಸಾಲಿಗೇ ನಕ್ಕುಬಿಟ್ಟಳು.

"ಒಕ್ಕಲುತನ ಅಂತ ಬರಸ್ಯಾರೇನ್ರಿ? ಅರ್ಧಾ ಎಕರೆದಾಗ ಏನ ಒಕ್ಕಲುತನ, ಗುಬ್ಬಿ ಹೊಡಿಯೂದಾ? ದೀಪಾವಳಿಯಿಂದ ಹೋಳಿ ಹುಣ್ಣಿವಿ ತನಕ ಬೆಲ್ಲದ ಗಾಣದಾಗ ಒಲಿ ಮುಂದ ಕುಂತು ರವದಿ ತುರುಕತಾರ್ರಿ. ಮೈ ಮುಟ್ಟಿದ್ರ ರೊಟ್ಟಿ ಹಂಚ ಮುಟ್ಟಿದಂಗ ಆಗತೈತಿ. ಗಾಣ ನಿಂತ ಮ್ಯಾಲ ದೀಪಾವಳಿ ತನಕ ದುಡಿಯಾಕ ದೂರ ಹೋಗತಾರ, ಮನ್ಯಾಗ ಇರೂದ ಸುಗ್ಗ್ಯಾಗಷ್ಟ."

ರವದಿ ಎಂದರೆ ಕಬ್ಬಿನ ಒಣ ಎಲೆ. ಕೊಪ್ಪರಿಗೆಯಲ್ಲಿ ರಸ ಕುದಿಯುವಷ್ಟು ಹೊತ್ತೂ ಒಬ್ಬ ಅದನ್ನು ಒಲೆಗೆ ತಳ್ಳುತ್ತಿರಬೇಕು. ಅದು ಕೂಲಿಯ ಕೆಲಸ. ತುಂಡು ಹೊಲ ಇದ್ದವನೂ ಅದನ್ನು ಹೇಳಿಕೊಳ್ಳುವುದಿಲ್ಲ, ಒಕ್ಕಲುತನ ಎಂದೇ ಹೇಳುತ್ತಾನೆ. ನಾನೂ ಇದೇ ಸೀಮೆಯವಳು. ಇದು ನನಗೆ ಹೊಳೆಯಬೇಕಿತ್ತು.

ವೀರ್ಯಾಣು ಬೆಳೆಯಲು ಮೈಯ ಶಾಖಕ್ಕಿಂತ ತುಸು ತಂಪು ಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಜನವರಿಯಲ್ಲಿ ನಾನು ಎಣಿಸಿದ್ದೆಲ್ಲ ಆ ಬೆಂಕಿಯ ಮುಂದೆಯೇ ಬೆಳೆದದ್ದು. ಹದಿನೈದು ದಿನ ಬಿಟ್ಟು ನೋಡಿದರೂ ಬೇರೆ ಫಲ ಬರುವಂತಿರಲಿಲ್ಲ. ಆಕೆಯನ್ನು ಕೂರಿಸಿ ಹೇಳಿದೆ: "ತೀರ್ಮಾನ ಮಾಡಾಕ ನಾನು ಅವಸರ ಮಾಡಿದೆ. ಗಾಣ ನಿಂತ ಮ್ಯಾಲ ಮೂರ ತಿಂಗಳ ಬಿಟ್ಟು, ಆಷಾಢದಾಗ ಕರಕೊಂಡ ಬಾ. ಖಾತ್ರಿ ಕೊಡಾಕ ಬರೂದಿಲ್ಲ."

ಆಷಾಢದಲ್ಲಿ ಮೂವರು ಬಂದರು. ಅತ್ತೆ ಬಂದದ್ದು ಜಗಳಕ್ಕೆ.

"ನನ್ನ ಮಗನ್ನ ಯಾಕ ಪರೀಕ್ಷಾ ಮಾಡತೀರಿ ಅಕ್ಕಾರ? ಇವನ ಅಪ್ಪಗ ಐದ ಮಕ್ಕಳ!"

ಸೊಸೆ ಹೊರಗೆ ಬೆಂಚಿನ ಮೇಲೆ ಉಳಿದಳು. ಮಾದರಿಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದೆ. ಎರಡನೆಯ ಸಲ ಎಣಿಸಿದೆ. ನಂತರ ಅವನನ್ನು ಕರೆದು ತೋರಿಸಿದೆ. ಅವನು ಕಣ್ಣು ತೆಗೆಯಲೇ ಇಲ್ಲ. ಕೊನೆಗೆ ತಾಯಿ ಅವನನ್ನು ಸರಿಸಿ ತಾನೂ ಬಗ್ಗಿದಳು.

"ಥೂ, ಹುಳಾ! ಏನ ಓಡಾಡಾಕತ್ತಾವ ನೋಡ."

"ಅವು ನಿಮ್ಮ ಮೊಮ್ಮಕ್ಕಳ ಬೀಜ" ಎಂದೆ.

ಮುದುಕಿ ನೆಟ್ಟಗೆ ನಿಂತಳು. "ಮತ್ತ ನಾ ಅನ್ನೂದ ಖರೇ ಆತಿಲ್ಲೋ? ಮಗಂದ ಎಲ್ಲಾ ಬರೋಬರಿ ಐತಿ. ಕೊರತಿ ಅಕೀದ."

ಒಳ್ಳೆಯ ಫಲಿತಾಂಶದಿಂದಲೇ ಆ ಹುಡುಗಿ ಮನೆ ಕಳೆದುಕೊಳ್ಳುವಂತಾಯಿತು. ಜನವರಿಯ ವರದಿ ನನ್ನ ಕಪಾಟಿನಲ್ಲಿತ್ತು. ಅವನ ಒಪ್ಪಿಗೆ ಇಲ್ಲದೆ ತೆಗೆಯುವಂತಿರಲಿಲ್ಲ. ಸೊಸೆ ಹೇಳಿದರೆ ಈಕೆ ನಂಬುವವಳಲ್ಲ. ನಾನು ಅವನ ಮುಖವನ್ನೇ ನೋಡಿದೆ.

"ಅವ್ವಾ," ಎಂದ ಅವನು ಗೋಡೆ ನೋಡುತ್ತ, "ಸುಗ್ಗ್ಯಾಗ ಇವು ಇರಲಿಲ್ಲ. ಎರಡ ಸಲ ನೋಡ್ಯಾರ. ಒಲಿ ಕಾವಿಗೆ ಸತ್ತಿದ್ವು. ಕೊರತಿ ನಂದಿತ್ತು. ಅಕಿಗೆ ಗೊತ್ತಿದ್ದೂ ನಿನ್ನ ಮುಂದ ಬಾಯಿ ಬಿಟ್ಟಿಲ್ಲ."

ಮುದುಕಿ ನನ್ನತ್ತ ತಿರುಗಿದಳು. "ಖರೇ ಏನ್ರಿ?"

"ಖರೇರಿ."

ಆಕೆ ಮಗನನ್ನು ಕೇಳಿದ್ದು ಒಂದೇ: "ಬರೂ ಸುಗ್ಗಿಗೆ ಒಲಿ ಮುಂದ ಯಾರ ಕುಂದರತಾರ?"

"ಬೆಲ್ಲ ಅಚ್ಚಿಗೆ ಹಾಕೂ ಕೆಲಸ ಕೇಳತೇನಿ. ಕೂಲಿ ಕಮ್ಮಿ."

"ಕಮ್ಮಿ ಆದ್ರ ಆಗಲಿ."

ಹೊರಗೆ ಹೋಗಿ ಅವನ ಫೋನನ್ನೇ ಇಸಿದುಕೊಂಡು ಸದಲಗಾದವರಿಗೆ ಹಚ್ಚಿಸಿದಳು. ಅವರ ಮನೆಮಾತು ಮರಾಠಿ. "ನಕೋ, ನಕೋ" ಎಂದು ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದಳು, "ಆಮಚೀ ಸೂನ ಆಹೇ ಘರಾತ!" ಬೇಡ, ನಮ್ಮ ಸೊಸೆ ಮನೆಯಲ್ಲಿದ್ದಾಳೆ ಎಂದು. ಬೆಂಚಿನ ಮೇಲಿದ್ದ ಸೊಸೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಅತ್ತೆ ಅವಳ ಕೈಚೀಲ ಎತ್ತಿಕೊಂಡು ಗದರಿದಳು.

"ಏಳ ಬೇ, ಬಸ್ಸ ತಪ್ಪತೈತಿ."